ಪಟ್ಟಣದ ತಾರಸಿಯಿಂದ ನೀಹಾರಿಕೆ

ಫೆಬ್ರವರಿ ತಿಂಗಳ ನಡುವಿನಲ್ಲಿ, ರಾತ್ರಿ ಎಂಟು ಗಂಟೆಯ ಸುಮಾರಿಗೆ, ಬೆಂಗಳೂರಿನ ಯಾವುದಾದರೊಂದು ತಾರಸಿಯನ್ನೇರಿ ದಕ್ಷಿಣಕ್ಕೆ ಮುಖಮಾಡಿ ತಲೆಯೆತ್ತಿದರೆ, ನೆತ್ತಿಯಿಂದ ತುಸು ಕೆಳಗೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಸಾಲಾಗಿ ಹೊಳೆಯುವುದನ್ನು ಕಾಣಬಹುದು. ಪಟ್ಟಣದ ಬೆಳಕು ಎಷ್ಟೇ ಇದ್ದರೂ ಈ ಮೂವರು ಸೋಲುವವರಲ್ಲ. ಪಟ್ಟಿಯ ಕೆಳಗೆ ವ್ಯಾಧನ ಖಡ್ಗ ಇಳಿಬಿದ್ದಿದೆ. ಕತ್ತಲೆಯ ಹಳ್ಳಿಯಲ್ಲಿ ನಿಂತು ನೋಡುವವರಿಗೆ ಆ ಖಡ್ಗದ ನಡುವಣ ನಕ್ಷತ್ರ ಉಸಿರು ತಾಕಿದ ಕನ್ನಡಿಯಂತೆ ಮಸುಕಾಗಿ ತೋರುವುದು. ಪಟ್ಟಣದಲ್ಲಿ ಆ ಮಸುಕೂ ಇಲ್ಲ. ಸಪ್ಪೆಯಾದ ಒಂದು ಚುಕ್ಕೆ ಮಾತ್ರ ಉಂಟು, ಅದೂ ಹುಡುಕುವವರಿಗೆ. ಆದರೆ ಆ ಚುಕ್ಕೆಯ ಸುತ್ತ, ಪೂರ್ಣಚಂದ್ರನ ಎರಡರಷ್ಟು ಅಗಲಕ್ಕೆ, ಅನಿಲ ಮತ್ತು ಧೂಳಿನ ಮಹಾ ಮೋಡವೊಂದು ಹಬ್ಬಿಕೊಂಡಿದೆ. ಅದು ನಮ್ಮಿಂದ ಸುಮಾರು ೧,೩೫೦ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಹಾಯಬೇಕಾದರೆ ಬೆಳಕಿಗೆ ಇಪ್ಪತ್ತು ವರ್ಷಗಳಿಗೂ ಮೀರಿ ಬೇಕು. ಅದರ ಒಡಲಿನಲ್ಲಿ ಹೊಸ ನಕ್ಷತ್ರಗಳು ಇಂದಿಗೂ ಹುಟ್ಟುತ್ತಿವೆ.

ನಮ್ಮ ಕಾಲೇಜಿನ ತಾರಸಿಯಿಂದ ತೆಗೆದ ಈ ಮೋಡದ ಛಾಯಾಚಿತ್ರವನ್ನು ಭೌತಶಾಸ್ತ್ರ ವಿಭಾಗದ ಗೋಡೆಗೆ ಅಂಟಿಸಿದ ದಿನ, ಎರಡನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಬಳಿಕ ಕೇಳಿದಳು: “ಸಾರ್, ಆ ರಾತ್ರಿ ಅದೇ ತಾರಸಿಯ ಮೇಲೆ ನಾನೂ ಇದ್ದೆ. ನನಗೆ ಏನೂ ಕಾಣಲಿಲ್ಲ. ಕಾಣದೆ ಇದ್ದದ್ದು ಚಿತ್ರಕ್ಕೆ ಎಲ್ಲಿಂದ ಬಂತು? ಇದನ್ನು ಕಂಪ್ಯೂಟರಿನಲ್ಲಿ ಬರೆದದ್ದಲ್ಲ ತಾನೆ?”

ಕೇಳಿದ ಧಾಟಿ ಸ್ವಲ್ಪ ಒರಟಾಗಿತ್ತು. ಪ್ರಶ್ನೆ ಮಾತ್ರ ಅಪ್ಪಟ ಭೌತಶಾಸ್ತ್ರದ್ದು. ಬೇಕಾದ ಚಿತ್ರವನ್ನು ಯಂತ್ರದಿಂದಲೇ ಬರೆಯಿಸಿಕೊಳ್ಳಬಹುದಾದ ಈ ಕಾಲದಲ್ಲಿ ಅದಕ್ಕೆ ತೂಕವೂ ಹೆಚ್ಚು. ನಮಗೆ ಅದು ಚುರುಕೆಂದು ತಾಕಿದ್ದಕ್ಕೆ ಬೇರೊಂದು ಕಾರಣವೂ ಇತ್ತು: ಅದಕ್ಕೆ ಒಂದು ವರ್ಷ ಹಿಂದೆ ಅದೇ ಗೋಡೆಯಿಂದ ನಾವೇ ಒಂದು ಚಿತ್ರವನ್ನು ಕೆಳಗಿಳಿಸಬೇಕಾಗಿ ಬಂದಿತ್ತು. ಆ ಕಥೆ ಮುಂದೆ ಬರುವುದು. ಈ ಲೇಖನ ಅವಳಿಗೆ ಆ ದಿನ ಪೂರ್ತಿಯಾಗಿ ಕೊಡಲಾರದೆ ಹೋದ ಉತ್ತರ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಪಟ್ಟಣದ ದೀಪಗಳು ನೀಹಾರಿಕೆಯನ್ನು ಮುಚ್ಚಿಬಿಡುತ್ತವೆ ಎಂದು ನಾವೆಲ್ಲ ಹೇಳುವುದುಂಟು. ಬೆಳಕು ಬೆಳಕನ್ನು ಮುಚ್ಚಲಾರದು. ನೀಹಾರಿಕೆಯಿಂದ ಹೊರಟ ಫೋಟಾನುಗಳು, ಎಂದರೆ ಬೆಳಕಿನ ಕಣಗಳು, ಹಳ್ಳಿಯ ಹೊಲದ ಮೇಲೆ ಎಷ್ಟು ಬೀಳುವುವೋ ಪಟ್ಟಣದ ತಾರಸಿಯ ಮೇಲೂ ಹೆಚ್ಚುಕಡಿಮೆ ಅಷ್ಟೇ ಬೀಳುವುವು. ಹೊಗೆ ಧೂಳುಗಳು ನುಂಗುವ ಪಾಲನ್ನು ಕಳೆದರಾಯಿತು. ಕೇಡು ಬೇರೆ ಕಡೆಯಿಂದ ಬರುತ್ತದೆ. ಬೀದಿದೀಪ, ಜಾಹೀರಾತಿನ ಫಲಕ, ಅಂಗಡಿಸಾಲು, ವಾಹನ ಇವುಗಳಿಂದ ಮೇಲಕ್ಕೆ ಚಿಮ್ಮಿದ ಬೆಳಕು ಗಾಳಿಯ ಅಣುಗಳಿಗೂ ಧೂಳಿನ ಕಣಗಳಿಗೂ ತಾಗಿ, ಚೆದರಿ, ಮರಳಿ ನಮ್ಮ ಮೇಲೆಯೇ ಬೀಳುತ್ತದೆ. ನೀಹಾರಿಕೆಯ ಫೋಟಾನುಗಳೂ ಈ ಪರಕೀಯ ಫೋಟಾನುಗಳೂ ದೂರದರ್ಶಕದ ಒಂದೇ ಬಾಗಿಲಿನಿಂದ ಒಳಹೊಗುವುವು.

ಹಾಗಾದರೆ ಆಕಾಶದ ಬೆಳಕನ್ನು ಅಳೆದು ಕಳೆದುಬಿಟ್ಟರಾಯಿತಲ್ಲ ಎಂದು ವಾಚಕರು ಕೇಳಬಹುದು. ಕಳೆಯಬಹುದು; ಕಳೆಯುತ್ತೇವೆ ಕೂಡ. ಆದರೆ ಕಳೆದ ಮೇಲೂ ಉಳಿಯುವ ಒಂದು ಕಸವಿದೆ. ಮಳೆ ಸಣ್ಣಗೆ ಹನಿಯುವಾಗ ತಾರಸಿಯ ಮೇಲೆ ಒಂದೇ ಅಳತೆಯ ನೂರು ಚೆಂಬುಗಳನ್ನು ಸಾಲಾಗಿ ಇಟ್ಟೆವೆನ್ನೋಣ. ಎಲ್ಲದರ ಮೇಲೂ ಒಂದೇ ಮಳೆ; ಆದರೂ ಒಂದು ನಿಮಿಷದಲ್ಲಿ ಪ್ರತಿಯೊಂದಕ್ಕೂ ಸರಿಯಾಗಿ ಅಷ್ಟಷ್ಟೇ ಹನಿಗಳು ಬೀಳಲಾರವು. ಸರಾಸರಿ ನೂರು ಹನಿಯಾದರೆ ಒಂದಕ್ಕೆ ೯೨, ಮತ್ತೊಂದಕ್ಕೆ ೧೧೧, ಹೀಗೆ ಏರುಪೇರು. ಈ ಏರುಪೇರಿನ ಸಾಮಾನ್ಯ ಗಾತ್ರ ಸರಾಸರಿಯ ವರ್ಗಮೂಲದಷ್ಟು: ನೂರಕ್ಕೆ ಹತ್ತು, ಹತ್ತು ಸಾವಿರಕ್ಕೆ ನೂರು. ಚೆಂಬಿನ ಬದಲು ಕ್ಯಾಮರಾದ ಪಿಕ್ಸೆಲ್, ಹನಿಯ ಬದಲು ಫೋಟಾನು ಎಂದುಕೊಂಡರೆ ನಮ್ಮ ಸಂಕಟವೆಲ್ಲ ಅರ್ಥವಾದಂತೆಯೇ. ಪಟ್ಟಣದ ಆಕಾಶ ಒಂದು ಪಿಕ್ಸೆಲಿನ ಮೇಲೆ ಹತ್ತು ಸಾವಿರ ಫೋಟಾನುಗಳನ್ನು ಸುರಿಸುವಷ್ಟು ಹೊತ್ತಿನಲ್ಲಿ ನೀಹಾರಿಕೆಯ ಮಂದವಾದ ಅಂಚು ನೂರು ಫೋಟಾನುಗಳನ್ನು ಕೊಡುವುದೆನ್ನೋಣ. ಆಕಾಶದ ಏರುಪೇರೂ ನೂರೇ. ಹತ್ತು ಸಾವಿರವನ್ನು ಕಳೆಯಬಹುದು. ಏರುಪೇರನ್ನು ಕಳೆಯುವಂತಿಲ್ಲ, ಯಾವ ಪಿಕ್ಸೆಲಿಗೆ ಎಷ್ಟು ಹೆಚ್ಚು ಬಿತ್ತು ಎಂಬುದನ್ನು ಮೊದಲೇ ತಿಳಿಯುವ ಬಗೆಯಿಲ್ಲ. ಕೊನೆಗೆ ಉಳಿದ ನೂರು ನೀಹಾರಿಕೆಯದೋ ಏರುಪೇರಿನದೋ ಯಾರು ಹೇಳಬೇಕು?

ಉಪಾಯ ಕಾಯುವುದು. ನೂರರಷ್ಟು ಹೊತ್ತು ಕಾದರೆ ಆಕಾಶದಿಂದ ಹತ್ತು ಲಕ್ಷ ಬಂದು ಅದರ ಏರುಪೇರು ಒಂದು ಸಾವಿರವಾಗುವುದು. ಅಷ್ಟರಲ್ಲಿ ನೀಹಾರಿಕೆಯಿಂದ ಹತ್ತು ಸಾವಿರ ಬಂದಿರುವುದು. ಈಗ ನೀಹಾರಿಕೆ ಏರುಪೇರಿನ ಹತ್ತರಷ್ಟು ಎತ್ತರಕ್ಕೆ ನಿಂತಿತು. ಹತ್ತರಷ್ಟು ಸ್ಪಷ್ಟತೆಗೆ ನೂರರಷ್ಟು ಸಮಯ: ಈ ವ್ಯಾಪಾರದ ದರ ಇದು. ನಮ್ಮ ಕಣ್ಣು ಈ ವ್ಯಾಪಾರಕ್ಕೆ ಇಳಿಯುವುದೇ ಇಲ್ಲ. ಅದು ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಹೊತ್ತು ಬೆಳಕನ್ನು ಕೂಡಿಟ್ಟು ಬಳಿಕ ಚೆಲ್ಲಿಬಿಡುತ್ತದೆ. ಕ್ಯಾಮರಾ ಚೆಲ್ಲುವುದಿಲ್ಲ. ವಿದ್ಯಾರ್ಥಿನಿಗೆ ಕಾಣದ್ದು ಚಿತ್ರಕ್ಕೆ ಬಂದದ್ದು ಹೀಗೆ. ಅವಳ ಕಣ್ಣಿನ ಮೇಲೂ ಅದೇ ಬೆಳಕು ಬಿದ್ದಿತ್ತು.

ಆದರೆ ಪಟ್ಟಣದಲ್ಲಿ ಕ್ಯಾಮರಾವನ್ನು ಒಂದೇ ಸಮನೆ ಗಂಟೆಗಟ್ಟಲೆ ತೆರೆದಿಟ್ಟರೆ ಪಿಕ್ಸೆಲುಗಳೆಂಬ ಚೆಂಬುಗಳು ಆಕಾಶದ ಬೆಳಕಿನಿಂದಲೇ ತುಂಬಿ ತುಳುಕಿ ಚಿತ್ರವೆಲ್ಲ ಬಿಳಿಚಿಹೋಗುವುದು. ಅದಕ್ಕಾಗಿ ಅರ್ಧ ನಿಮಿಷದ, ಒಂದು ನಿಮಿಷದ ನೂರಾರು ಚಿತ್ರಗಳನ್ನು ತೆಗೆದು, ನಕ್ಷತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಕಂಪ್ಯೂಟರಿನಲ್ಲಿ ಕೂಡಿಸುವರು. ಇದರಲ್ಲಿ ಇನ್ನೊಂದು ಲಾಭವೂ ಉಂಟು. ನಡುವೆ ವಿಮಾನವೋ ಕೃತಕ ಉಪಗ್ರಹವೋ ಗೀರೆಳೆದು ಹೋದರೆ, ನೂರು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಇರುವ ಆ ಗೀರನ್ನು ಬಹುಮತದಿಂದ ಹೊರಗಟ್ಟಬಹುದು.

ಎಷ್ಟು ಹೊತ್ತು ಕಾಯಬೇಕು? ಖಗೋಳಜ್ಞರು ಆಕಾಶದ ಹೊಳಪನ್ನು ಒಂದು ಚದರ ವಿಕಲೆಗೆ ಇಷ್ಟು ಕಾಂತಿಮಾನ ಎಂದು ಅಳೆಯುವರು. ವಿಕಲೆಯೆಂದರೆ ಡಿಗ್ರಿಯ ೩,೬೦೦ನೆಯ ಒಂದು ಭಾಗ. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ವಸ್ತು ಮಂಕು. ಚೊಕ್ಕ ಕತ್ತಲೆಯ ಆಕಾಶ ಈ ಅಳತೆಯಲ್ಲಿ ಸುಮಾರು ೨೨. ನಮ್ಮ ತಾರಸಿಯ ಮೇಲೆ, ಚಂದ್ರನಿಲ್ಲದ ರಾತ್ರಿಯಲ್ಲಿ, ೧೮ರ ಆಸುಪಾಸು. ಕಾಂತಿಮಾನದ ಒಂದು ಮೆಟ್ಟಿಲೆಂದರೆ ಸುಮಾರು ಎರಡೂವರೆಯಷ್ಟು. ನಾಲ್ಕು ಮೆಟ್ಟಿಲಿಗೆ ನಲವತ್ತರಷ್ಟು. ಆಕಾಶ ನಲವತ್ತರಷ್ಟು ಬೆಳಗಿದರೆ ಕಾಯಬೇಕಾದ ಹೊತ್ತೂ ನಲವತ್ತರಷ್ಟು. ಹಳ್ಳಿಯಲ್ಲಿ ಒಂದು ಗಂಟೆಗೆ ಸಿಗುವ ಚಿತ್ರಕ್ಕೆ ಇಲ್ಲಿ ನಲವತ್ತು ಗಂಟೆ ಬೇಕು. ಮೋಡ, ಬೆಳುದಿಂಗಳು, ಪರೀಕ್ಷೆಯ ಉತ್ತರಪತ್ರಿಕೆಗಳು ಇವನ್ನೆಲ್ಲ ಕಳೆದರೆ ನಲವತ್ತು ಗಂಟೆಯೆಂದರೆ ಇಡೀ ಒಂದು ಚಳಿಗಾಲ.

ಈ ನಲವತ್ತನ್ನು ಇಳಿಸುವ ಗುಟ್ಟು ಹೊರಬಿದ್ದದ್ದು ೧೮೬೪ರ ಆಗಸ್ಟ್ ೨೯ರ ರಾತ್ರಿ, ಲಂಡನ್ನಿನಲ್ಲಿ. ವಿಲಿಯಂ ಹಗಿನ್ಸ್ ರೇಷ್ಮೆ ವ್ಯಾಪಾರಸ್ಥರ ಮನೆಯವನು; ಅಂಗಡಿಯನ್ನು ಮಾರಿ, ದಕ್ಷಿಣ ಲಂಡನ್ನಿನ ಟಲ್ಸ್ ಹಿಲ್ಲಿನಲ್ಲಿ ಮನೆಮಾಡಿ, ಅಲ್ಲಿಯೇ ದೂರದರ್ಶಕವನ್ನು ನಿಲ್ಲಿಸಿಕೊಂಡಿದ್ದ ಹವ್ಯಾಸಿ. ನೀಹಾರಿಕೆಗಳೆಲ್ಲ ದೂರದ ನಕ್ಷತ್ರಗಳ ಗುಂಪೇ, ಅಥವಾ ಅವುಗಳಲ್ಲಿ ನಿಜವಾದ ಅನಿಲವೂ ಇದೆಯೆ ಎಂಬುದು ಆಗಿನ ಕಾಲದ ದೊಡ್ಡ ಚರ್ಚೆ. ಆ ರಾತ್ರಿ ಹಗಿನ್ಸ್ ಉತ್ತರಧ್ರುವದ ಕಡೆಯ ಡ್ರೇಕೋ ಪುಂಜದ ಒಂದು ಪುಟ್ಟ ನೀಹಾರಿಕೆಗೆ ತನ್ನ ರೋಹಿತದರ್ಶಕವನ್ನು ತಿರುಗಿಸಿದನು. ನಕ್ಷತ್ರದ ಬೆಳಕಾಗಿದ್ದರೆ ಕೆಂಪಿನಿಂದ ನೇರಿಳೆಯವರೆಗೆ ಬಣ್ಣದ ಪಟ್ಟಿ ಹರಡಬೇಕಿತ್ತು. ಹರಡಲಿಲ್ಲ. ಕಂಡದ್ದು ಒಂಟಿ ಗೆರೆಗಳು, ಅವುಗಳಲ್ಲಿ ಒಂದು ಹಸುರು ಗೆರೆ ಎಲ್ಲಕ್ಕಿಂತ ಪ್ರಖರ. ಹೀಗೆ ಗೆರೆಗಳಲ್ಲಿ ಹೊಳೆಯುವುದು ಬಿಸಿಯಾದ ತೆಳು ಅನಿಲದ ಲಕ್ಷಣ. ಚರ್ಚೆ ಒಂದೇ ರಾತ್ರಿಯಲ್ಲಿ ಮುಗಿಯಿತು.

ಆ ಹಸುರು ಗೆರೆ ಮಾತ್ರ ಮುಂದೆ ಅರುವತ್ತು ವರ್ಷ ಎಲ್ಲರನ್ನೂ ಕಾಡಿತು. ಭೂಮಿಯ ಮೇಲಿನ ಯಾವ ಧಾತುವೂ ಅದನ್ನು ಕೊಡದೆ ಹೋದುದರಿಂದ “ನೆಬ್ಯುಲಿಯಂ” ಎಂಬ ಹೊಸ ಧಾತುವನ್ನೇ ಕಲ್ಪಿಸಿದರು. ೧೯೨೭ರಲ್ಲಿ ಅಮೆರಿಕದ ಐರಾ ಬೋವೆನ್ ಒಗಟನ್ನು ಒಡೆದನು. ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ, ನಾವು ದಿನವೂ ಉಸಿರಾಡುವ ಆಮ್ಲಜನಕವೇ. ಅದರ ಪರಮಾಣು ಈ ಬೆಳಕನ್ನು ಬಿಡಬೇಕಾದರೆ ಅರೆನಿಮಿಷಕ್ಕೂ ಮೀರಿ ಯಾರ ತಂಟೆಯೂ ಇಲ್ಲದೆ ಸುಮ್ಮನಿರಬೇಕು. ನಮ್ಮ ಗಾಳಿಯ ಒಂದು ಘನ ಸೆಂಟ���ಮೀಟರಿನಲ್ಲಿ ೨೫ರ ಮುಂದೆ ಹದಿನೆಂಟು ಸೊನ್ನೆಯಿಟ್ಟಷ್ಟು ಅಣುಗಳು ಕಿಕ್ಕಿರಿದಿವೆ. ಅಲ್ಲಿ ಸುಮ್ಮನಿರುವ ಮಾತೆಲ್ಲಿ? ಮಹಾವ್ಯಾಧನ ನೀಹಾರಿಕೆಯಲ್ಲಾದರೋ ಅಷ್ಟೇ ಜಾಗದಲ್ಲಿ ಕೆಲವು ಸಾವಿರ ಕಣಗಳು. ಅಲ್ಲಿ ಪರಮಾಣುವಿಗೆ ಬೇಕಾದಷ್ಟು ಪುರಸತ್ತು.

ಹೀಗೆ ನೀಹಾರಿಕೆಯ ಬೆಳಕಿನ ಬಹುಪಾಲು ಕೆಲವೇ ಗೆರೆಗಳಲ್ಲಿ ಬರುತ್ತದೆ: ಜಲಜನಕದ ಕೆಂಪು ಗೆರೆ ೬೫೬.೩ ನಾನೋಮೀಟರು ತರಂಗದೂರದಲ್ಲಿ, ಆಮ್ಲಜನಕದ ಹಸುರು ಗೆರೆಗಳು ೫೦೦.೭ ಮತ್ತು ೪೯೫.೯ರಲ್ಲಿ. ಪಟ್ಟಣದ ಬೆಳಕಾದರೋ ರೋಹಿತದ ಉದ್ದಕ್ಕೂ ಹರಡಿದೆ. ಆದುದರಿಂದ ೬೫೬ರ ಸುತ್ತ ೭ ನಾನೋಮೀಟರಿನ ಕಿಂಡಿಯನ್ನು ಬಿಟ್ಟು ಉಳಿದುದೆಲ್ಲವನ್ನೂ ತಡೆಯುವ ಗಾಜನ್ನು ಕ್ಯಾಮರಾದ ಮುಂದಿಟ್ಟರೆ ಏನಾಗುವುದು? ಗಾಜಿನ ಮೇಲೆ ಅತಿ ತೆಳುವಾದ ಪದರಗಳನ್ನು ಒಂದರ ಮೇಲೊಂದು ಲೇಪಿಸಿ ಇಂತಹ ಫಿಲ್ಟರುಗಳನ್ನು ತಯಾರಿಸುವರು. ಕ್ಯಾಮರಾ ಹಿಡಿಯುವ ಬೆಳಕು ೪೦೦ರಿಂದ ೭೦೦ ನಾನೋಮೀಟರು, ಒಟ್ಟು ೩೦೦. ಪಟ್ಟಣದ ಬೆಳಕು ಅದರಲ್ಲಿ ಸಮನಾಗಿ ಹರಡಿದೆಯೆಂದು ಭಾವಿಸಿದರೆ, ಕಿಂಡಿಯಲ್ಲಿ ನುಸುಳುವುದು ೩೦೦ರಲ್ಲಿ ೭, ಎಂದರೆ ಸುಮಾರು ನಲವತ್ತಮೂರನೆಯ ಒಂದು ಪಾಲು. ಜಲಜನಕದ ಗೆರೆಯಾದರೋ ಬಹುಮಟ್ಟಿಗೆ ಪೂರ್ತಿಯಾಗಿ ಒಳಬರುತ್ತದೆ. ಪಟ್ಟಣ ನಮ್ಮ ಮೇಲೆ ಹೇರಿದ ನಲವತ್ತನ್ನು ಫಿಲ್ಟರು ಹೀಗೆ ಇಳಿಸಿಬಿಟ್ಟಿತು! ಇದು ಕಾಗದದ ಮೇಲಿನ ಲೆಕ್ಕ. ತಾರಸಿಯ ಮೇಲೆ ಕ್ಯಾಮರಾದ ಸ್ವಂತ ಗದ್ದಲವೂ ಸೇರುತ್ತದೆ. ಬಣ್ಣದ ಕ್ಯಾಮರಾದಲ್ಲಿ ನಾಲ್ಕು ಪಿಕ್ಸೆಲುಗಳಿಗೆ ಒಂದು ಮಾತ್ರ ಕೆಂಪನ್ನು ನೋಡುತ್ತದೆ. ಹಾಗಾಗಿ ನಮಗೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ನಲವತ್ತಕ್ಕಿಂತ ಅದು ಎಷ್ಟೋ ವಾಸಿ.

ನೀಹಾರಿಕೆಯ ಮೊದಲನೆಯ ಛಾಯಾಚಿತ್ರವನ್ನು ತೆಗೆದವನೂ ವೃತ್ತಿಯಿಂದ ಖಗೋಳಜ್ಞನಲ್ಲ. ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರ್ ೧೮೮೦ರ ಸೆಪ್ಟೆಂಬರ್ ೩೦ರಂದು ಮಹಾವ್ಯಾಧನ ನೀಹಾರಿಕೆಗೆ ತನ್ನ ಫಲಕವನ್ನು ಸುಮಾರು ೫೦ ನಿಮಿಷ ಒಡ್ಡಿದನು. ೧೮೮೩ರ ಜನವರಿಯಲ್ಲಿ ಲಂಡನ್ನಿನ ಪಶ್ಚಿಮದ ಈಲಿಂಗಿನಲ್ಲಿ, ಒಳಚರಂಡಿ ಮೊದಲಾದ ನೈರ್ಮಲ್ಯದ ಕೆಲಸಗಳ ಎಂಜಿನಿಯರಾಗಿದ್ದ ಆಂಡ್ರೂ ಕಾಮನ್ ಎಂಬಾತ ೩೬ ಅಂಗುಲದ ದರ್ಪಣದಿಂದ ಅದೇ ನೀಹಾರಿಕೆಯನ್ನು ಹಿಡಿದನು. ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಅವನ ಫಲಕದಲ್ಲಿ ಮೂಡಿದ್ದುವು. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಹುಟ್ಟಿದ್ದೇ ಅಂದು ಎನ್ನಬಹುದು.

ಕಾಯುವುದು ಎಂದೊಡನೆ ಭೂಮಿಯ ಭ್ರಮಣ ಅಡ್ಡಬರುತ್ತದೆ. ನಮ್ಮದು ೮೦ ಮಿಲಿಮೀಟರು ವ್ಯಾಸದ, ೪೦೦ ಮಿಲಿಮೀಟರು ಸಂಗಮದೂರದ ಪುಟ್ಟ ದೂರದರ್ಶಕ. ಅದರಲ್ಲಿಯೂ ನಕ್ಷತ್ರ ಒಂದೇ ಸೆಕೆಂಡಿಗೆ ಏಳೆಂಟು ಪಿಕ್ಸೆಲುಗಳಷ್ಟು ಜಾರಿಬಿಡುತ್ತದೆ. ಆದುದರಿಂದ ದೂರದರ್ಶಕವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ಕೂರಿಸಿ ಮೋಟಾರಿನಿಂದ ತಿರುಗಿಸಬೇಕು. “ಅಕ್ಷವನ್ನು ಧ್ರುವನಕ್ಷತ್ರಕ್ಕೆ ಗುರಿಯಿಡಿ” ಎಂದು ಯೂರೋಪು ಅಮೆರಿಕಗಳ ಪುಸ್ತಕಗಳು ಸಲೀಸಾಗಿ ಹೇಳಿಬಿಡುತ್ತವೆ. ಲಂಡನ್ನಿನಲ್ಲಿ ಧ್ರುವನಕ್ಷತ್ರ ದಿಗಂತದಿಂದ ಐವತ್ತೊಂದು ಡಿಗ್ರಿಗೂ ಮೇಲಿದೆ. ಬೆಂಗಳೂರಿನಲ್ಲಿ ಹದಿಮೂರೇ ಡಿಗ್ರಿ. ನಮ್ಮ ತಾರಸಿಯ ಉತ್ತರಕ್ಕೆ ನೀರಿನ ಟ್ಯಾಂಕು, ಅದರಾಚೆ ಒಂಬತ್ತು ಅಂತಸ್ತಿನ ವಸತಿಗೃಹ. ಧ್ರುವನನ್ನು ಆ ತಾರಸಿಯಿಂದ ನಾವು ಒಮ್ಮೆಯೂ ಕಂಡವರಲ್ಲ. ದಕ್ಷಿಣದ ಕಡೆ ಎತ್ತರದಲ್ಲಿರುವ ಒಂದು ನಕ್ಷತ್ರವನ್ನು ಹಿಡಿದು, ಅದು ನಿಧಾನವಾಗಿ ಮೇಲಕ್ಕೆ ಜಾರುವುದೋ ಕೆಳಕ್ಕೆ ಜಾರುವುದೋ ನೋಡಿ, ಅದರಂತೆ ಅಕ್ಷವನ್ನು ತುಸುತುಸುವೇ ಎಡಬಲಕ್ಕೆ ಸರಿಸಿ, ಬಳಿಕ ಪೂರ್ವದ ನಕ್ಷತ್ರದಿಂದ ಎತ್ತರವನ್ನು ಸರಿಪಡಿಸಿ, ಹೀಗೆ ಒಂದು ಗಂಟೆ ಕಳೆಯುವುದು ನಮ್ಮ ಪದ್ಧತಿ. ಧ್ರುವನ ವಿಷಯದಲ್ಲಿ ನಮಗಾದ ನಷ್ಟವನ್ನು ಮಹಾವ್ಯಾಧ ತುಂಬಿಕೊಡುತ್ತಾನೆ. ಕಾಮನ್ ನೋಡಿದ ನೀಹಾರಿಕೆ ಈಲಿಂಗಿನಲ್ಲಿ ಮೂವತ್ತಮೂರು ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ ಎಪ್ಪತ್ತೊಂದನ್ನು ದಾಟುತ್ತದೆ. ಕಡಿಮೆ ಗಾಳಿ, ಕಡಿಮೆ ಧೂಳು, ಕಡಿಮೆ ಹೊಗೆಯನ್ನು ತೂರಿ ಅದರ ಬೆಳಕು ನಮಗೆ ಸಿಗುತ್ತದೆ.

ಇನ್ನು ಗೋಡೆಯಿಂದ ಇಳಿಸಿದ ಚಿತ್ರದ ಕಥೆ. ಮಸೂರದಿಂದ ಬರುವ ಬೆಳಕು ಚಿತ್ರದ ನಡುವಿನಲ್ಲಿ ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಜೊತೆಗೆ ಗಾಜಿನ ಮೇಲಿನ ಧೂಳಿನ ನೆರಳು. ಇದನ್ನು ಸರಿಪಡಿಸಲು ಎಲ್ಲೆಡೆಯೂ ಸಮವಾಗಿ ಬೆಳಗಿದ ಬಿಳಿಯ ಮೈಯೊಂದರ ಚಿತ್ರವನ್ನು ತೆಗೆದು, ನೀಹಾರಿಕೆಯ ಚಿತ್ರವನ್ನು ಅದರಿಂದ ಭಾಗಿಸಬೇಕು. ಹಳ್ಳಿಯಲ್ಲಿ ಇದರಲ್ಲಿ ನೂರಕ್ಕೊಂದು ಪಾಲು ತಪ್ಪಾದರೆ ಯಾರಿಗೂ ತಿಳಿಯದು. ಪಟ್ಟಣದಲ್ಲಿ ಆಕಾಶವೇ ನೂರು, ನೀಹಾರಿಕೆಯ ಅಂಚು ಒಂದು. ನೂರಕ್ಕೊಂದು ಪಾಲಿನ ತಪ್ಪು ಎಂದರೆ ಒಂದು ಇಡೀ ನೀಹಾರಿಕೆ! ನಾವು ಸಾಮಾನ್ಯವಾಗಿ ಸಂಜೆಯ ಬೆಳಕಿನಲ್ಲಿ ದೂರದರ್ಶಕದ ಬಾಯಿಗೆ ಬಿಳಿಯ ಪಂಚೆಯನ್ನು ಬಿಗಿದು ಈ ಕೆಲಸ ಮಾಡುವೆವು. ಆ ದಿನ ಸಂಜೆ ತರಗತಿಯಿದ್ದು ತಡವಾದುದರಿಂದ, ರಾತ್ರಿ ಮೆಟ್ಟಿಲಿನ ದೀಪವನ್ನೇ ಪಂಚೆಗೆ ಬೀಳುವಂತೆ ಮಾಡಿ ಮುಗಿಸಿಬಿಟ್ಟೆವು.

ಚಿತ್ರ ನಡುಪಟ್ಟಿಯ ಪೂರ್ವದ ನಕ್ಷತ್ರದ ಸುತ್ತಣದು. ಅಲ್ಲಿಯೇ ಕೆಂಪು ಜಲಜನಕದ ಹಿನ್ನೆಲೆಯಲ್ಲಿ ಕಪ್ಪು ಧೂಳಿನ ಕುದುರೆತಲೆ ಇರುವುದು. ೧೮೮೮ರ ಹಾರ್ವರ್ಡ್ ಫಲಕವೊಂದರಲ್ಲಿ ಅದನ್ನು ಮೊದಲು ಗುರುತಿಸಿದವಳು, ಹಿಂದೆ ಅಲ್ಲಿನ ನಿರ್ದೇಶಕರ ಮನೆಗೆಲಸದಲ್ಲಿದ್ದ ವಿಲಿಯಮಿನಾ ಫ್ಲೆಮಿಂಗ್. ನಮ್ಮ ಚಿತ್ರದಲ್ಲಿ ಕುದುರೆತಲೆ ಅಚ್ಚುಕಟ್ಟಾಗಿ ಬಂದಿತ್ತು. ಅಷ್ಟೇ ಅಲ್ಲದೆ ಒಂದು ಮೂಲೆಯಲ್ಲಿ ತೆಳುವಾದ ಕಮಾನೊಂದು ಬಾಗಿತ್ತು. ಆ ಕಡೆಯಲ್ಲಿಯೇ, ಚಿತ್ರದಿಂದ ಸ್ವಲ್ಪ ಹೊರಗೆ, ಬಾರ್ನಾರ್ಡನ ಕುಣಿಕೆ ಎಂಬ ಬೃಹತ್ತಾದ ಮಸುಕು ಕಮಾನು ಇದೆಯೆಂದು ನಮಗೆ ಗೊತ್ತಿತ್ತು. ಗೊತ್ತಿದ್ದುದೇ ಮುಳುವಾಯಿತು. ಅದರ ಒಂದು ಎಳೆ ಇಲ್ಲಿಯವರೆಗೂ ಚಾಚಿದೆಯೆಂದು ನಂಬಿ, ಚಿತ್ರವನ್ನು ಗೋಡೆಗೇರಿಸಿ, ಎರಡು ವಾರ ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದೆವು.

ಕೊನೆಗೆ ನಮ್ಮ ಪ್ರಯೋಗಶಾಲೆಯ ಸಹಾಯಕರು, ಮೂವತ್ತು ವರ್ಷ ಹುಡುಗರ ಕೈಯಲ್ಲಿ ಉಪಕರಣಗಳು ಕೆಡುವುದನ್ನು ನೋಡಿದವರು, ಮೆಲ್ಲನೆ ಹೇಳಿದರು: “ಮ್ಯಾಗ್ನೆಟೋಮೀಟರಿನಲ್ಲಿ ಮಕ್ಕಳ ಕೈಯಿಂದ ಆಯಸ್ಕಾಂತವನ್ನು ತಿರುಗಿಸಿ ಇಡಿಸಿ ಇನ್ನೊಮ್ಮೆ ಓದಿಸುತ್ತೀರಲ್ಲ ಸಾರ್, ಈ ಕ್ಯಾಮರಾವನ್ನೂ ತಿರುಗಿಸಿ ನೋಡಬಾರದೇ?” ತಿರುಗಿಸಿದೆವು. ದೂರದರ್ಶಕವನ್ನು ಹಾಗೆಯೇ ಬಿಟ್ಟು ಕ್ಯಾಮರಾವನ್ನು ಮಾತ್ರ ತೊಂಬತ್ತು ಡಿಗ್ರಿ ತಿರುಗಿಸಿ, ಮತ್ತೆ ಪಂಚೆ ಬಿಗಿದು, ಮತ್ತೆರಡು ರಾತ್ರಿ ಕೂತೆವು. ಆಕಾಶದಲ್ಲಿರುವುದು ನಕ್ಷತ್ರಗಳ ಜೊತೆಯಲ್ಲಿ ಉಳಿಯಬೇಕು. ನಮ್ಮಲ್ಲಿರುವುದು ಕ್ಯಾಮರಾದ ಜೊತೆಯಲ್ಲಿ ತಿರುಗಬೇಕು. ಕುದುರೆತಲೆ ನಕ್ಷತ್ರಗಳ ಜೊತೆಯಲ್ಲಿ ಉಳಿಯಿತು. ಕಮಾನು ಕ್ಯಾಮರಾದ ಜೊತೆಯಲ್ಲಿ ಬೇರೆ ಮೂಲೆಗೆ ಬಂದು ಕೂತಿತು. ಅದು ಮೆಟ್ಟಿಲಿನ ದೀಪದ ಕಾಣಿಕೆ. ಮರುದಿನ ಬೆಳಿಗ್ಗೆ ಚಿತ್ರವನ್ನು ಇಳಿಸಿದೆವು. ಬೆರಳಿಟ್ಟು ತೋರಿಸಿದ್ದವರಿಗೆಲ್ಲ ಹೇಳಿಕೊಂಡು ಬರಲು ಇನ್ನೂ ಒಂದು ವಾರ ಹಿಡಿಯಿತು.

ವಿದ್ಯಾರ್ಥಿನಿಯ ಪ್ರಶ್ನೆಗೆ ನಾವು ಕೊಡಬಲ್ಲ ಉತ್ತರ ಈ ಪರೀಕ್ಷೆಯೇ. ಎರಡು ಸಲ, ಬೇರೆ ಬೇರೆಯಾಗಿ, ಕ್ಯಾಮರಾವನ್ನು ತಿರುಗಿಸಿ ತೆಗೆದರೂ ಬಂದದ್ದು ಅಲ್ಲಿದೆ. ಬಣ್ಣದ ಮಾತು ಬೇರೆ. ಹಬಲ್ ದೂರದರ್ಶಕ ೧೯೯೫ರಲ್ಲಿ ತೆಗೆದ ಪ್ರಸಿದ್ಧ ಧೂಳುಕಂಬಗಳ ಚಿತ್ರದಲ್ಲಿ ಗಂಧಕದ ಗೆರೆಗೆ ಕೆಂಪನ್ನೂ ಜಲಜನಕಕ್ಕೆ ಹಸುರನ್ನೂ ಆಮ್ಲಜನಕಕ್ಕೆ ನೀಲಿಯನ್ನೂ ಕೊಟ್ಟಿದ್ದಾರೆ. ಭೂಪಟದಲ್ಲಿ ಜಿಲ್ಲೆಗಳಿಗೆ ಬಣ್ಣ ಕೊಟ್ಟಂತೆ ಅದೊಂದು ಒಪ್ಪಂದ. ಮಂಕಾದುದನ್ನು ಬೆಳಗಿಸಿ ತೋರಿಸುವುದೂ ಸಲ್ಲುತ್ತದೆ, ಎಲ್ಲ ಪಿಕ್ಸೆಲುಗಳಿಗೂ ಒಂದೇ ನಿಯಮವಿದ್ದರೆ. ಆದರೆ ಇತರರ ಸಾವಿರಾರು ಚಿತ್ರಗಳಿಂದ ಕಲಿತು, ಗದ್ದಲವನ್ನು ಅಳಿಸುವ ನೆಪದಲ್ಲಿ ಇಲ್ಲದ ಎಳೆಗಳನ್ನು ಬಿಡಿಸಿಬಿಡಬಲ್ಲ ಕಂಪ್ಯೂಟರು ಕ್ರಮವಿಧಿಗಳು ಈಗ ಬಂದಿವೆ. ಮನೆಯ ಗೋಡೆಗಾದರೆ ಆಗಲಿ. ವಿಭಾಗದ ಗೋಡೆಯ ಚಿತ್ರಕ್ಕೆ ಅವು ಸಲ್ಲವೆಂಬುದು ನಮ್ಮ ಪಕ್ಷ.

ಫಿಲ್ಟರಿನ ಈ ಜಾಣತನ ಎಲ್ಲ ಕಡೆಯೂ ನಡೆಯದು. ಕೃತ್ತಿಕೆಯ ಸುತ್ತಣ ನೀಲಿ ನೀಹಾರಿಕೆಯನ್ನು ತೆಗೆದುಕೊಳ್ಳಿ. ಅದು ತಾನಾಗಿ ಹೊಳೆಯುವ ಅನಿಲವಲ್ಲ. ನಕ್ಷತ್ರಗಳ ಬೆಳಕನ್ನು ಚೆದರಿಸುವ ಧೂಳು. ಅದರ ರೋಹಿತ ಪಟ್ಟಿಯಾಗಿ ಹರಡಿದೆ, ಪಟ್ಟಣದ ಬೆಳಕಿನಂತೆಯೇ. ಕಿಂಡಿ ಕಿರಿದಾದಷ್ಟೂ ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುವುವು. ದೇವಯಾನಿಯ ಗೆಲಾಕ್ಸಿಯ ಪಾಡೂ ಇದೇ. ಇವುಗಳಿಗೆ ಉಳಿದಿರುವುದು ಆ ನಲವತ್ತು ಗಂಟೆ, ಇಲ್ಲವೆ ಊರುಬಿಟ್ಟು ಹೋಗುವುದು.

ಹೋಗಬೇಕಾದ ದೂರವೂ ಹೆಚ್ಚುತ್ತಿದೆ. ಹಿಂದಿನ ಸೋಡಿಯಂ ಬೀದಿದೀಪಗಳ ಬೆಳಕು ಹಳದಿಯ ಸುತ್ತ ಗುಂಪುಗೂಡಿತ್ತು. ಅಗಲ ಕಿಂಡಿಯ ಅಗ್ಗದ ಫಿಲ್ಟರೂ ಅದರ ಬಹುಭಾಗವನ್ನು ತಡೆಯುತ್ತಿತ್ತು. ನಮ್ಮ ದೇಶದಲ್ಲಿ ೨೦೧೫ರಿಂದೀಚೆಗೆ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಾಯಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಎಲ್‌ಇಡಿಯ ಬಿಳಿ ಬೆಳಕು ರೋಹಿತವನ್ನೆಲ್ಲ ವ್ಯಾಪಿಸುತ್ತದೆ. ಅದರಲ್ಲಿ ೪೫೦ ನಾನೋಮೀಟರಿನ ಬಳಿ ನೀಲಿಯ ಒಂದು ಶಿಖರವೂ ಉಂಟು. ಗಾಳಿಯ ಅಣುಗಳು ಆ ನೀಲಿಯನ್ನು ಸೋಡಿಯಂ ಹಳದಿಯ ಸುಮಾರು ಮೂರರಷ್ಟು ಚೆದರಿಸುತ್ತವೆ. ೨೦೧೧ರಿಂದ ೨೦೨೨ರವರೆಗೆ ಲೋಕದ ನಾನಾ ಭಾಗಗಳಿಂದ ಸಾಮಾನ್ಯ ಜನರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ನೋಡಿ ಕಳುಹಿಸಿದ ಐವತ್ತು ಸಾವಿರಕ್ಕೂ ಮಿಕ್ಕ ವರದಿಗಳನ್ನು ವಿಜ್ಞಾನಿಗಳು ೨೦೨೩ರಲ್ಲಿ ಲೆಕ್ಕಹಾಕಿ ಪ್ರಕಟಿಸಿದರು. ಆಕಾಶದ ಹೊಳಪು ಸರಾಸರಿ ವರ್ಷಕ್ಕೆ ನೂರಕ್ಕೆ ೯.೬ರಂತೆ ಏರಿದೆಯೆಂದು ಅದರಿಂದ ಕಂಡುಬಂದಿತು. ಎಂದರೆ ಎಂಟು ವರ್ಷದೊಳಗೆ ಎರಡರಷ್ಟು.

ಎಲ್‌ಇಡಿಯಿಂದ ವಿದ್ಯುತ್ತು ಉಳಿಯುವುದು ನಿಜ. ಅದನ್ನು ನಾವು ಹಳಿಯುವವರಲ್ಲ. ದೀಪಕ್ಕೊಂದು ಟೋಪಿಯಿದ್ದು ಬೆಳಕು ರಸ್ತೆಗೆ ಮಾತ್ರ ಬಿದ್ದರೆ, ಬಣ್ಣ ತುಸು ಹಳದಿಗೆ ತಿರುಗಿದ್ದರೆ ಸಾಕು. ಕಾಲೇಜಿನ ಪಕ್ಕದ ಕಂಬದ ದೀಪ ನೇರವಾಗಿ ನಮ್ಮ ತಾರಸಿಗೆ ಹೊಡೆಯುತ್ತಿದ್ದುದರಿಂದ ಅದಕ್ಕೊಂದು ಮರೆ ಹಾಕಿಸಿಕೊಡಬೇಕೆಂದು ಸಂಬಂಧಪಟ್ಟವರಿಗೆ ಮನವಿ ಬರೆದೆವು. ತಿಂಗಳಾದ ಮೇಲೆ ಜನ ಬಂದರು. ದೀಪದ ಬಗ್ಗೆ ದೂರು ಎಂದರೆ ಮಂಕಾಗಿರಬೇಕೆಂದು ತಿಳಿದು, ಇನ್ನೂ ಪ್ರಖರವಾದುದನ್ನು ಹಾಕಿಹೋದರು. ಈಗ ತಾರಸಿಯ ಆ ಅಂಚಿಗೆ ಎರಡು ಬಿದಿರ ಗಳುವಿನ ನಡುವೆ ಕಪ್ಪು ಬಟ್ಟೆಯನ್ನು ಕಟ್ಟಿಕೊಳ್ಳುತ್ತೇವೆ.

ಕೈಹಾಕಿ ನೋಡಬೇಕೆನ್ನುವ ವಾಚಕರಿಗೆ ಇಷ್ಟೆಲ್ಲ ಸಲಕರಣೆ ಮೊದಲಿಗೆ ಬೇಡ. ಮಸೂರ ಬದಲಾಯಿಸಬಹುದಾದ ಸಾಧಾರಣ ಡಿಜಿಟಲ್ ಕ್ಯಾಮರಾ, ೫೦ ಮಿಲಿಮೀಟರಿನ ಮಸೂರ, ಒಂದು ಮುಕ್ಕಾಲಿ ಇದ್ದರೆ ಮಹಾವ್ಯಾಧನ ಖಡ್ಗಕ್ಕೆ ಗುರಿಯಿಟ್ಟು ಮೂರು ಸೆಕೆಂಡಿನ ಮುನ್ನೂರು ಚಿತ್ರಗಳನ್ನು ತೆಗೆಯಿರಿ. ನಡುನಡುವೆ ನಕ್ಷತ್ರಗಳನ್ನು ಚೌಕಟ್ಟಿನ ನಡುವಿಗೆ ತಂದುಕೊಳ್ಳುತ್ತಿರಬೇಕು. ಕೂಡಿಸುವುದಕ್ಕೆ ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ಕ್ರಮವಿಧಿಗಳುಂಟು. ಇಂತಹ ಕ್ಯಾಮರಾಗಳ ಒಳಗಾಜು ಜಲಜನಕದ ಕೆಂಪಿನ ಬಹುಪಾಲನ್ನು ತಡೆಯುವುದರಿಂದ ನೀಹಾರಿಕೆ ತಿಳಿಗುಲಾಬಿಯಾಗಿ, ಬೆರಳುಗುರುತಿನಷ್ಟು ಚಿಕ್ಕದಾಗಿ ಬರುವುದು. ಆದರೆ ಬರುವುದು.

ಕಳೆದ ಜನವರಿಯ ಒಂದು ರಾತ್ರಿ ಕುದುರೆತಲೆಯ ಚಿತ್ರವನ್ನು ಮೂರನೆಯ ಸಲ ತೆಗೆಯುತ್ತಿದ್ದೆವು. ಮೂರು ನಿಮಿಷಕ್ಕೊಂದು ಚಿತ್ರ. ದೂರದರ್ಶಕವೂ ಲ್ಯಾಪ್‌ಟಾಪೂ ಬ್ಯಾಟರಿಯ ಮೇಲೆ. ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿ ಪ್ರತಿ ಚಿತ್ರದಲ್ಲಿಯೂ ಆಕಾಶದ ಹೊಳಪೆಷ್ಟು ಎಂಬುದನ್ನು ವೀಕ್ಷಣಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಬಡಾವಣೆಯ ಕರೆಂಟು ಹೋಯಿತು. ಹುಡುಗರು ಹೋ ಎಂದು ಕೂಗಿದರು. ಊರೆಲ್ಲ ಕತ್ತಲಾಗಿರಲಿಲ್ಲ, ಆದರೂ ಹಿನ್ನೆಲೆಯ ಅಂಕಿ ಇಳಿದು ಮೂರರಲ್ಲಿ ಎರಡು ಪಾಲಿಗೆ ಬಂದು ನಿಂತಿತು. ಕರೆಂಟು ಬರುವುದರೊಳಗೆ ಏಳು ಚಿತ್ರಗಳಾದುವು.

“ಹಾಗಾದರೆ ಬೇರೆಯವನ್ನೆಲ್ಲ ಬಿಸಾಡಿ ಈ ಏಳನ್ನೇ ಇಟ್ಟುಕೊಳ್ಳೋಣವೇ ಸಾರ್?” ಎಂದಳು.

“ಬೇಡಮ್ಮ, ಯಾವುದನ್ನೂ ಬಿಸಾಡಬೇಡ. ಕೂಡಿಸುವಾಗ ಇವಕ್ಕೆ ತೂಕ ಹೆಚ್ಚು ಕೊಡು,” ಎಂದೆವು. ಆಕಾಶ ಎಷ್ಟು ಪಾಲು ಕಡಿಮೆಯೋ ತೂಕ ಅಷ್ಟು ಪಾಲು ಹೆಚ್ಚು. ಆ ಏಳು ಚಿತ್ರಗಳಿಗೆ ಉಳಿದವುಗಳಲ್ಲಿ ಹತ್ತೂವರೆ ಚಿತ್ರಗಳ ಬೆಲೆ. ಲೆಕ್ಕವನ್ನು ಅವಳೇ ಮಾಡಿದಳು. ಈಗ ಗೋಡೆಯ ಮೇಲಿರುವ ಚಿತ್ರದ ಕೆಳಗೆ, ಎಷ್ಟು ಗಂಟೆ, ಯಾವ ಫಿಲ್ಟರು, ಏನನ್ನು ಕಳೆದದ್ದು, ಕ್ಯಾಮರಾವನ್ನು ಎಂದು ತಿರುಗಿಸಿದ್ದು ಎಂಬುದನ್ನೆಲ್ಲ ಬರೆದ ಚೀಟಿಯೊಂದು ಇದೆ. ಅದರಲ್ಲಿ ಅವಳ ಪುಸ್ತಕದ ಒಂದು ಸಾಲನ್ನು ಇದ್ದಂತೆಯೇ ಉಳಿಸಿದ್ದೇವೆ: “೧೦-೨೦ರಿಂದ ೧೦-೪೧ರ ವರೆಗೆ ಕರೆಂಟು ಇಲ್ಲ. ಆಕಾಶ ಚೆನ್ನಾಗಿದೆ.”